ಶಿಕ್ಷಣ ಮಂಡಲಿಯ ಹಿರಿಯರು: ಜಗನ್ನಾಥ ಶಂಕರಶೇಟ್

ಠಾಣೆಯ ರೈಲು ನಿಲ್ದಾಣವನ್ನು ಅರಿಯದ ಬಾಲಕ ಬಾಲಕಿಯರು ನಮ್ಮ ಶಾಲೆಯಲ್ಲಿ ಇರಲಾರರು. ಬೇಸಗೆಯ ರಜೆಯಲ್ಲಿ ಊರಿಗೆ ಹೊರಟಾಗ ಗಂಟುಮೂಟೆಗಳೊಡನೆ ನಾವೆಲ್ಲರೂ ಬಂದು ನಿಲ್ಲುವ ತಾಣವದು. 1853ನೆಯ ಇಸವಿಯ ಏಪ್ರಿಲ್ 16ರಂದು ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು 400 ಮಂದಿ ಅತಿಥಿಗಳನ್ನು ಹೊತ್ತು, ಮುಂಬಯಿಯ ಬೋರಿಬಂದರದಿಂದ ಹೊರಟ ಉಗಿಬಂಡಿಯು 34 ಕಿಲೋಮೀಟರುಗಳನ್ನು ಕ್ರಮಿಸಿ ಈ ಠಾಣೆಗೆ ಬಂದು ಮುಟ್ಟಿತು. ಭಾರತದ ಪ್ರಯಾಣಿಕರ ರೈಲಿನ ಇತಿಹಾಸವು ಮೊದಲಾಗುವುದು ಆ ದಿನದಿಂದ. ಆ ರೈಲುಮಾರ್ಗಕ್ಕಾಗಿ ಹಲವು ವರ್ಷ ಶ್ರಮಿಸಿದ ಭಾರತೀಯರಲ್ಲಿ ಅಗ್ರಗಣ್ಯರು ಜಗನ್ನಾಥ ಶಂಕರಶೇಟ್. ಜನರು ಅವರನ್ನು ಪ್ರೀತಿಯಿಂದ ನಾನಾ ಶಂಕರಶೇಟ್ ಎಂದು ಕರೆದರು.

ವಿದ್ಯಾರ್ಥಿ ಬಂಧುಗಳೇ, ರೈಲಿನ ಕಥೆಯನ್ನು ನೀವು ಪಾಠದಲ್ಲಿ ಓದಿಯೇ ಓದುವಿರಿ. ಅದೇ ನಾನಾ ಅವರು ಮತ್ತೊಂದು ಸಭೆಯಲ್ಲಿಯೂ ಕುಳಿತಿದ್ದರು. ಮುಂಬಯಿ ಇಲಾಖೆಯ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು, ಶಾಲೆಯ ವಿದ್ಯೆ ಎಷ್ಟು ಮಂದಿಗೆ ದೊರೆಯಬೇಕು ಎಂಬುದನ್ನು ವಿಚಾರಿಸುತ್ತಿದ್ದ ಸಭೆಯದು. ವಾಗ್ಳೆ ಎಸ್ಟೇಟಿನ ಒಂದು ಕನ್ನಡ ಶಾಲೆಯಲ್ಲಿ ಕುಳಿತು ಓದುವ ನಮಗೂ ನಿಮಗೂ ಆ ಸಭೆಯ ವೃತ್ತಾಂತವು ರೈಲಿಗಿಂತ ಹೆಚ್ಚು ಹತ್ತಿರದ್ದು. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನು ನಮಗೆ ತಿಳಿದಷ್ಟು ಮಟ್ಟಿಗೆ ಹೇಳಬಯಸುತ್ತೇವೆ.

ನಾನಾ ಅವರ ಮನೆತನದ ಹೆಸರು ಮುರ್ಕುಟೆ. ಅವರ ಹಿರಿಯರು ನಮ್ಮ ಠಾಣೆ ಜಿಲ್ಲೆಯ ಮುರಬಾಡದವರು. ಕಲ್ಯಾಣವನ್ನು ದಾಟಿ ಸಹ್ಯಾದ್ರಿಯ ಕಡೆಗೆ ಸಾಗಿದರೆ ಆ ಊರು ಸಿಕ್ಕುತ್ತದೆ. ದೈವಜ್ಞ ಸಮಾಜಕ್ಕೆ ಸೇರಿದ ಈ ಕುಟುಂಬವು ಹದಿನೆಂಟನೆಯ ಶತಮಾನದಲ್ಲಿ ಮುಂಬಯಿಗೆ ಬಂದು ವ್ಯಾಪಾರದಲ್ಲಿ ಏಳಿಗೆ ಹೊಂದಿತು. ಊರು ಬಿಟ್ಟು ಉದ್ಯೋಗವನ್ನರಸಿ ನಗರಕ್ಕೆ ಬಂದವರಲ್ಲಿ ನಾವೇ ಮೊದಲಿಗರಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 1803ನೆಯ ಇಸವಿಯ ಫೆಬ್ರವರಿ 10ರಂದು ಜಗನ್ನಾಥರು ಜನಿಸಿದರು. ಸಿರಿವಂತರ ಮನೆಯ ಮಗುವಾದುದರಿಂದ ಶಿಕ್ಷಕರು ಮನೆಗೇ ಬಂದು ಪಾಠ ಹೇಳುತ್ತಿದ್ದರು. ಇಂಗ್ಲಿಷನ್ನೂ ಅವರು ಹೀಗೆಯೇ ಕಲಿತರು. 1822ರಲ್ಲಿ ತಂದೆಯವರು ತೀರಿಕೊಂಡಾಗ ಜಗನ್ನಾಥರಿಗೆ ಹತ್ತೊಂಬತ್ತರ ಹರೆಯ. ವ್ಯಾಪಾರದ ಹೊಣೆಯೆಲ್ಲವೂ ಆ ಎಳೆಯ ಹೆಗಲಿಗೆ ಬಂದಿತು. ಬಂದ ಸಂಪತ್ತನ್ನು ಭೋಗದಲ್ಲಿ ಕಳೆಯದೆ ಅವರು ವ್ಯವಹಾರವನ್ನು ಬೆಳೆಸಿದರು. ಗಳಿಸಿದುದರಲ್ಲಿ ದೊಡ್ಡ ಪಾಲನ್ನು ಊರಿನ ಹಿತಕ್ಕೆ ವಿನಿಯೋಗಿಸಿದರು.

ಆ ಕಾಲದ ಶಾಲೆಗಳ ಸ್ಥಿತಿಯನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಸರಕಾರದ ಶಾಲೆಗಳೆಂಬುವು ಇರಲಿಲ್ಲವೆನ್ನಬಹುದು. ಊರಿನ ಪಂತೋಜಿಯು ಜಗಲಿಯ ಮೇಲೋ ದೇವಾಲಯದ ಮೂಲೆಯಲ್ಲೋ ಕೆಲವೇ ಮಕ್ಕಳನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುವನು, ಮಗ್ಗಿ ಬಾಯಿಪಾಠ ಮಾಡಿಸುವನು. ಅಚ್ಚಾದ ಪಾಠಪುಸ್ತಕಗಳಿಲ್ಲ, ನಕಾಶೆಯಿಲ್ಲ, ಭೂಗೋಳವಿಲ್ಲ. ಮುಂಬಯಿಯ ಗವರ್ನರರಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನರ ಕಾಲದಲ್ಲಿ, 1822ರಲ್ಲಿ, ದೇಶೀಯ ಶಾಲೆಗಳನ್ನೂ ಶಾಲಾ ಪುಸ್ತಕಗಳನ್ನೂ ಸಿದ್ಧಪಡಿಸುವುದಕ್ಕಾಗಿ ಒಂದು ಸಂಸ್ಥೆಯು ಹುಟ್ಟಿತು. ಮುಂದೆ 1827ರಲ್ಲಿ ಅದಕ್ಕೆ ಬಾಂಬೆ ನೇಟಿವ್ ಎಜುಕೇಶನ್ ಸೊಸೈಟಿ ಎಂಬ ಹೆಸರಾಯಿತು. ಗಣಿತ, ವ್ಯಾಕರಣ, ಇತಿಹಾಸಗಳನ್ನು ಮರಾಠಿ ಗುಜರಾತಿಗಳಲ್ಲಿ ಬರೆಯಿಸಿ ಅಚ್ಚು ಹಾಕಿಸುವುದು, ಶಿಕ್ಷಕರನ್ನು ತರಬೇತುಗೊಳಿಸುವುದು ಈ ಸಂಸ್ಥೆಯ ಮುಖ್ಯ ಕಾರ್ಯಗಳು. ತರುಣ ಜಗನ್ನಾಥರು ಇದರ ಪ್ರಮುಖರಲ್ಲಿ ಒಬ್ಬರಾದರು. ಎಲ್ಫಿನ್‌ಸ್ಟನ್ನರು 1827ರಲ್ಲಿ ಸ್ವದೇಶಕ್ಕೆ ತೆರಳುವಾಗ ಅವರ ಸ್ಮರಣೆಗೆಂದು ಜನರು ಎರಡು ಲಕ್ಷ ರೂಪಾಯಿಗಳಿಗೂ ಮಿಕ್ಕಿ ಹಣ ಕೂಡಿಸಿದರು. ಆ ಹಣವು ಅಧ್ಯಾಪಕರ ವೇತನಕ್ಕೆಂದು ಮೀಸಲಾಯಿತು. ಎಲ್ಫಿನ್‌ಸ್ಟನ್ ಕಾಲೇಜು ಬೆಳೆದುದು ಈ ನಿಧಿಯಿಂದ. ಒಂದು ನಗರದ ನಾಗರಿಕರು ವಿದ್ಯೆಗಾಗಿ ತಾವೇ ಕೈಯೆತ್ತಿ ಕೊಡಬಲ್ಲರೆಂಬುದನ್ನು ಆ ತಲೆಮಾರು ಹೀಗೆ ತೋರಿಸಿಕೊಟ್ಟಿತು.

1840ರಲ್ಲಿ ಸರಕಾರವು ಆ ಸೊಸೈಟಿಯ ಕಾರ್ಯವನ್ನು ವಹಿಸಿಕೊಂಡು ಬೋರ್ಡ್ ಆಫ್ ಎಜುಕೇಶನ್ ಎಂಬ ಶಿಕ್ಷಣ ಮಂಡಲಿಯನ್ನು ನಿಯಮಿಸಿತು. ಅದರಲ್ಲಿ ಏಳು ಮಂದಿ. ಅಧ್ಯಕ್ಷರೂ ಮೂವರು ಸದಸ್ಯರೂ ಐರೋಪ್ಯರು, ಉಳಿದ ಮೂವರು ಭಾರತೀಯರು. ಭಾರತೀಯರಲ್ಲಿ ನಾನಾ ಶಂಕರಶೇಟರು ಹಿಂದೂ, ಫ್ರಾಮ್‌ಜಿ ಕಾವಸಜಿಯವರು ಪಾರಸಿ, ಮಹಮ್ಮದ್ ಇಬ್ರಾಹಿಂ ಮಖಬಾ ಅವರು ಮುಸಲ್ಮಾನರು. ಈ ಮಂಡಲಿಯ ಆಡಳಿತವು ಮುಂಬಯಿ ಪಟ್ಟಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಗುಜರಾತ, ಪುಣೆ, ಕೊಂಕಣಗಳಂತೆ ನಮ್ಮ ಧಾರವಾಡ ಬೆಳಗಾವಿಗಳೂ ಅಂದು ಮುಂಬಯಿ ಇಲಾಖೆಯಲ್ಲಿದ್ದವು. ಮುಂಬಯಿಯ ಆ ಮೇಜಿನ ಸುತ್ತ ಆಗುವ ನಿರ್ಣಯವು ಮಲಪ್ರಭೆಯ ದಂಡೆಯ ಹುಡುಗನಿಗೂ ತಗಲುತ್ತಿತ್ತು.

ಮಂಡಲಿಯಲ್ಲಿ ಮಹತ್ತರವಾದ ವಾದವು ಎದ್ದುದು 1840ರ ದಶಕದ ನಡುವಿನಲ್ಲಿ. ಆಗ ಅದರ ಅಧ್ಯಕ್ಷರು ಮುಂಬಯಿಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ಸರ್ ಅರ್ಸ್ಕಿನ್ ಪೆರ್ರಿ. ಉಚ್ಚ ಶಿಕ್ಷಣವು ಇಂಗ್ಲಿಷಿನಲ್ಲಿಯೇ ನಡೆಯಬೇಕು, ಮಂಡಲಿಯ ಹಣವು ಮುಖ್ಯವಾಗಿ ಅದಕ್ಕೇ ಸಲ್ಲಬೇಕು ಎಂಬುದು ಅವರ ಪಕ್ಷ. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಬೊಕ್ಕಸದಲ್ಲಿ ಹಣವು ಅಲ್ಪ, ಮಕ್ಕಳು ಅಸಂಖ್ಯ. ದೇಶಭಾಷೆಗಳಲ್ಲಿ ವಿಜ್ಞಾನದ ಗ್ರಂಥಗಳಿಲ್ಲ, ಹೇಳಿಕೊಡಬಲ್ಲ ಶಿಕ್ಷಕರಿಲ್ಲ. ಆದುದರಿಂದ ಮೇಲಿನ ವರ್ಗದ ಕೆಲವರಿಗೆ ಇಂಗ್ಲಿಷಿನಲ್ಲಿ ಉತ್ತಮ ಶಿಕ್ಷಣ ಕೊಟ್ಟರೆ, ಬೆಟ್ಟದ ಮೇಲೆ ಸುರಿದ ಮಳೆಯು ಬಯಲಿಗೆ ಇಳಿಯುವಂತೆ, ಅವರಿಂದ ವಿದ್ಯೆಯು ಉಳಿದವರಿಗೆ ಇಳಿದುಬರುವುದೆಂದು ಅವರು ನಂಬಿದ್ದರು. ಉದ್ಯೋಗದ ಆಸೆಯಿಂದ ಇಂಗ್ಲಿಷನ್ನು ಬಯಸುವ ತಂದೆತಾಯಿಗಳೂ ಅಂದು ಇರದೆ ಇರಲಿಲ್ಲ.

ನಾನಾ ಅವರು ಇದಕ್ಕೆ ಒಪ್ಪಲಿಲ್ಲ. 1847ರ ಮೇ ತಿಂಗಳ ಮೊದಲನೆಯ ದಿನದಂದು ಅವರು ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ಮಂಡಲಿಯ ಮುಂದಿಟ್ಟರು. ಪಶ್ಚಿಮ ಭಾರತದ ಜನರಿಗೆ ಉಪಯುಕ್ತವಾದ ಜ್ಞಾನವನ್ನು ತಿಳಿಯಪಡಿಸಲು ಅವರವರ ದೇಶಭಾಷೆಗಳೇ ಇಂಗ್ಲಿಷಿಗಿಂತ ಮೇಲಾದ ಸಾಧನವೆಂಬುದು ಅದರ ಸಾರ. ಪರಭಾಷೆಯನ್ನು ಚೆನ್ನಾಗಿ ಕಲಿಯಲು ವರ್ಷಗಳ ಬಿಡುವೂ ಹಣವೂ ಬೇಕು. ಅವು ಉಳ್ಳವರು ಕೆಲವರು. ಉಳಿದವರ ಮನೆಗೆ ವಿದ್ಯೆಯು ಹೋಗಬೇಕಾದರೆ ಅವರು ಆಡುವ ಮಾತಿನ ಬಾಗಿಲಿನಿಂದಲೇ ಹೋಗಬೇಕು. ಗ್ರಂಥಗಳಿಲ್ಲವೆಂದರೆ ಗ್ರಂಥಗಳನ್ನು ಬರೆಯಿಸಬೇಕು. ಈ ನಿಲುವಿನಲ್ಲಿ ಫ್ರಾಮ್‌ಜಿಯವರೂ ಮಖಬಾ ಅವರೂ ನಾನಾ ಅವರ ಜೊತೆಗಿದ್ದರು. ಐರೋಪ್ಯ ಸದಸ್ಯರಾದ ಜಾರ್ಜ್ ಜರ್ವಿಸ್ ಎಂಬ ಎಂಜಿನಿಯರ್ ಅಧಿಕಾರಿಯೂ ಅವರ ಪಕ್ಷದಲ್ಲಿಯೇ ನಿಂತರು. ಗಣಿತದ ಗ್ರಂಥಗಳನ್ನು ಮರಾಠಿಗೆ ತರುವುದರಲ್ಲಿ ಶ್ರಮಿಸಿದವರಾದುದರಿಂದ, ದೇಶಭಾಷೆಯಲ್ಲಿ ಶಾಸ್ತ್ರವನ್ನು ಹೇಳಲು ಬರುವುದೋ ಇಲ್ಲವೋ ಎಂಬುದನ್ನು ಜರ್ವಿಸರು ಸ್ವಾನುಭವದಿಂದ ಬಲ್ಲವರಾಗಿದ್ದರು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಾನಾ ಅವರಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಗವರ್ನರರೊಡನೆಯೂ ನ್ಯಾಯಾಧೀಶರೊಡನೆಯೂ ಅವರ ಒಡನಾಟವು ಆ ಭಾಷೆಯಲ್ಲಿ ನಡೆಯುತ್ತಿತ್ತು. ಅವರ ಮನೆಯ ಮಕ್ಕಳಿಗೆ ಎಂತಹ ಶಿಕ್ಷಕರನ್ನಾದರೂ ಇಡಬಲ್ಲ ಸಿರಿಯೂ ಅವರಲ್ಲಿತ್ತು. ಇಂಗ್ಲಿಷ್ ಶಾಲೆಗಳೇ ಹೆಚ್ಚಲಿ ಎಂದಿದ್ದರೆ ಅವರಿಗೆ ಕಿಂಚಿತ್ತೂ ನಷ್ಟವಿರಲಿಲ್ಲ. ಮಂಡಲಿಯಲ್ಲಿ ಅವರು ತಮ್ಮ ಮಕ್ಕಳ ತಂದೆಯಾಗಿ ಕುಳಿತಿರಲಿಲ್ಲ. ಆ ಕೋಣೆಗೆ ಎಂದೂ ಬರಲಾರದ ರೈತನ, ಕುಶಲಕರ್ಮಿಯ, ಸಣ್ಣ ಅಂಗಡಿಕಾರನ ಮಕ್ಕಳ ಪರವಾಗಿ ಕುಳಿತಿದ್ದರು. ಸಾರ್ವಜನಿಕ ಶಿಕ್ಷಣದ ಹೊಣೆಯನ್ನು ಹೊತ್ತವನ ಧರ್ಮವು ಇದೇ. ಇಂಗ್ಲಿಷನ್ನು ಅವರು ದ್ವೇಷಿಸಿದವರೂ ಅಲ್ಲ. ಬಿಡುವೂ ಅಭಿರುಚಿಯೂ ಉಳ್ಳವರು ಅದನ್ನು ಕಲಿಯಲಿ, ಆದರೆ ಅದನ್ನು ಕಲಿಯದವನಿಗೆ ಜ್ಞಾನದ ದಾರಿಯು ಮುಚ್ಚಬಾರದು ಎಂಬುದು ಅವರ ಮತವಾಗಿತ್ತು.

ವಾದವು ಸರಕಾರದವರೆಗೆ ಹೋಯಿತು. ಯಾವ ಪಕ್ಷಕ್ಕೂ ಪೂರ್ಣ ಜಯವು ದೊರೆಯಲಿಲ್ಲ. 1854ರಲ್ಲಿ ಇಂಗ್ಲೆಂಡಿನಿಂದ ಬಂದ, ವುಡ್ ಎಂಬ ಮಂತ್ರಿಯ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣದ ಖಲೀತೆಯು ಉಚ್ಚ ಶಿಕ್ಷಣಕ್ಕೆ ಇಂಗ್ಲಿಷೆಂದೂ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆಗಳೆಂದೂ ಹಂಚಿಕೊಟ್ಟಿತು. ಮರುವರ್ಷ ಶಿಕ್ಷಣ ಮಂಡಲಿಯು ನಿಂತು ಅದರ ಸ್ಥಾನದಲ್ಲಿ ಸರಕಾರದ ವಿದ್ಯಾ ಇಲಾಖೆಯು ಬಂದಿತು. ಮಂಡಲಿಯು ಹುಟ್ಟಿದಂದಿನಿಂದ ಅದು ಇರುವವರೆಗೂ ನಾನಾ ಅವರು ಅದರ ಸದಸ್ಯರಾಗಿ ದುಡಿದರು. ಹದಿನೈದು ವರ್ಷಗಳ ಕಾಲ ಸಭೆಗೆ ಹೋಗುವುದು, ಕಾಗದಪತ್ರಗಳನ್ನು ಓದುವುದು, ಒಪ್ಪದ ಮಾತನ್ನು ಒಪ್ಪೆನೆಂದು ವಿನಯದಿಂದ ಹೇಳುವುದು ಯುದ್ಧಭೂಮಿಯ ಪರಾಕ್ರಮದಂತೆ ಕಣ್ಣು ಕೋರೈಸುವುದಿಲ್ಲ. ಆದರೆ ನಾಡಿನ ಶಾಲೆಗಳು ಸುಧಾರಿಸುವುದು ಇಂತಹ ನಿರಾಡಂಬರವಾದ ದುಡಿಮೆಯಿಂದಲೇ.

ನುಡಿದಂತೆ ನಡೆದವರು ಅವರು. 1848ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಒಂದು ಸಾಹಿತ್ಯ ವಿಜ್ಞಾನ ಸಂಘವನ್ನು ಕಟ್ಟಿದರು. ದಾದಾಭಾಯಿ ನವರೋಜಿಯವರಂತಹ ತರುಣರು ಅದರಲ್ಲಿದ್ದರು. ಮರುವರ್ಷ ಆ ತರುಣರು ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದು ತಾವೇ ಸಂಬಳವಿಲ್ಲದೆ ಪಾಠ ಹೇಳತೊಡಗಿದರು. ಹೆಣ್ಣುಮಗಳು ಅಕ್ಷರ ಕಲಿತರೆ ಮನೆತನಕ್ಕೆ ಕೇಡೆಂದು ಜನರು ನಂಬಿದ್ದ ಕಾಲವದು. ಅಂತಹ ಶಾಲೆಗೆ ಸ್ಥಳ ಕೊಡುವವರೂ ದುರ್ಲಭ. ನಾನಾ ಅವರು ಸಂಪ್ರದಾಯಸ್ಥರ ನಿಂದೆಯನ್ನು ಲೆಕ್ಕಿಸದೆ ಗಿರಗಾಂವದ ತಮ್ಮ ಮನೆಯ ಆವರಣದಲ್ಲಿಯೇ ಹುಡುಗಿಯರ ಶಾಲೆಗೆ ಎಡೆಮಾಡಿಕೊಟ್ಟರು. ದೊಡ್ಡವರ ಮನೆಯಲ್ಲಿಯೇ ಶಾಲೆಯು ನಡೆಯುವಾಗ ನೆರೆಹೊರೆಯವರ ಬಾಯಿಯು ತಾನಾಗಿ ಮುಚ್ಚಿತು. ನಮ್ಮ ಶಾಲೆಯ ಬಾಲಕಿಯರು ಈ ಸಂಗತಿಯನ್ನು ಮರೆಯಬಾರದು.

ನಾನಾ ಅವರ ಇತರ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, 1830ರ ದಶಕದಲ್ಲಿ ಭಾರತೀಯರನ್ನು ಜಸ್ಟಿಸ್ ಆಫ್ ದಿ ಪೀಸ್ ಎಂಬ ಪದವಿಗೆ ಮೊದಲ ಸಲ ತೆಗೆದುಕೊಂಡಾಗ ಅವರಲ್ಲಿ ಇವರೂ ಒಬ್ಬರು. 1852ರಲ್ಲಿ ಹುಟ್ಟಿದ ಬಾಂಬೆ ಅಸೋಸಿಯೇಶನ್ ಎಂಬ ರಾಜಕೀಯ ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರು. ಪ್ರಜೆಗಳ ಕಷ್ಟಗಳನ್ನು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಅರಿಕೆ ಮಾಡಿಕೊಂಡ ಸಂಸ್ಥೆಯದು. ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ 33 ವರ್ಷಗಳಿದ್ದವು. ರೈಲಿನ ಮಾತನ್ನು ಆಗಲೇ ಹೇಳಿದ್ದೇವೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪನೆಯಾದಾಗ ಅದರ ಮೊದಲ ಫೆಲೋಗಳಲ್ಲಿ ಒಬ್ಬರಾದರು. 1862ರಲ್ಲಿ ಮುಂಬಯಿ ಶಾಸನಸಭೆಗೆ ನೇಮಕವಾದ ಮೊದಲ ಭಾರತೀಯರ ಸಾಲಿನಲ್ಲಿಯೂ ಅವರಿದ್ದರು. ಹೀಗೆ ಬಾಳಿ, 1865ನೆಯ ಇಸವಿಯ ಜುಲೈ 31ರಂದು, ತಮ್ಮ 62ನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು.

ಒಬ್ಬ ಮನುಷ್ಯನ ಆಯುಷ್ಯದಲ್ಲಿ ಎಲ್ಲವೂ ಪೂರ್ತಿಯಾಗುವುದಿಲ್ಲ. ಆ ಕಾಲದ ಶಾಲೆಗಳಲ್ಲಿ ಉಳಿದ ಎರಡು ಕೊರತೆಗಳನ್ನು ಹೇಳದಿದ್ದರೆ ಈ ಚರಿತ್ರೆಯು ಅರ್ಧವಾದೀತು. ಎರಡೂ ನಮ್ಮ ಕನ್ನಡ ಸೀಮೆಗೆ ಸಂಬಂಧಪಟ್ಟವು. ಮೊದಲನೆಯದು ಬಾಗಿಲಿನ ಮಾತು. ಮಂಡಲಿಯು ನಿಂತ ಮರುವರ್ಷವೇ, 1856ರಲ್ಲಿ, ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಮಹಾರ ಸಮಾಜದ ಬಾಲಕನೊಬ್ಬನು ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟನು. ಉಳಿದ ಮಕ್ಕಳು ಶಾಲೆ ಬಿಟ್ಟು ಹೋದಾರೆಂಬ ಅಂಜಿಕೆಯಿಂದ ಅವನಿಗೆ ಪ್ರವೇಶವನ್ನು ನಿರಾಕರಿಸಲಾಯಿತು. ಆ ಒಬ್ಬ ಬಾಲಕನ ಅರ್ಜಿಯು ಕಲಕತ್ತೆಯನ್ನೂ ಲಂಡನ್ನನ್ನೂ ಮುಟ್ಟಿತು. ಸರಕಾರದ ಹಣದಿಂದ ನಡೆಯುವ ಶಾಲೆಯು ಎಲ್ಲ ವರ್ಗದ ಪ್ರಜೆಗಳಿಗೂ ತೆರೆದಿರಬೇಕೆಂಬ ತತ್ತ್ವವನ್ನು ಮೇಲಿನವರು ಒಪ್ಪಿದರಾದರೂ, ಅದು ಆಚರಣೆಗೆ ಬರಲು ಮತ್ತೆಷ್ಟೋ ದಶಕಗಳು ಹಿಡಿದವು. ವಿದ್ಯೆಯ ಭಾಷೆಯು ತನ್ನದಾದರೂ ಶಾಲೆಯ ಹೊಸ್ತಿಲು ತನ್ನದಾಗದಿದ್ದರೆ ಮಗುವಿಗೆ ಏನು ಪ್ರಯೋಜನ? ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಈ ಹೊಸ್ತಿಲನ್ನು ಅಳಿಸುವುದಕ್ಕೆಂದೇ ತಮ್ಮ ಬಾಳನ್ನು ಸವೆಸಿದರು.

ಎರಡನೆಯದು ಭಾಷೆಯ ಮಾತು. ಮರಾಠಿಯ ಮಗುವಿಗೆ ಮರಾಠಿಯಲ್ಲಿ ಪಾಠವು ನ್ಯಾಯವಾದರೆ ಕನ್ನಡದ ಮಗುವಿಗೆ ಕನ್ನಡದಲ್ಲಿ ಪಾಠವೂ ನ್ಯಾಯವೇ. ಆದರೆ ಧಾರವಾಡ ಬೆಳಗಾವಿಗಳ ಕನ್ನಡ ಮಕ್ಕಳು ಬಹುಕಾಲ ಮರಾಠಿ ಶಾಲೆಗಳಲ್ಲಿಯೇ ಕಲಿಯಬೇಕಾಗಿತ್ತು. ಕಚೇರಿಗಳಲ್ಲಿಯೂ ಆ ಭಾಷೆಯದೇ ಪ್ರಾಬಲ್ಯ. ಈ ಸ್ಥಿತಿಯನ್ನು ಬದಲಿಸಲು ಪಣತೊಟ್ಟವರು ಡೆಪ್ಯುಟಿ ಚನ್ನಬಸಪ್ಪನವರು. 1834ರಿಂದ 1881ರವರೆಗೆ ಬಾಳಿದ ಅವರು ಪುಣೆಗೆ ಹೋಗಿ ಕಲಿತು ಬಂದು, ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಶಿಕ್ಷಕರನ್ನು ತಯಾರುಮಾಡಿದರು. ಮುಂದೆ ವಿದ್ಯಾ ಇಲಾಖೆಯ ಡೆಪ್ಯುಟಿಗಳಾಗಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಮುಂಬಯಿಯ ಸಭೆಯಲ್ಲಿ ನಾನಾ ಅವರು ಎತ್ತಿಹಿಡಿದ ತತ್ತ್ವವನ್ನು ಕನ್ನಡ ನೆಲದಲ್ಲಿ ಬಿತ್ತಿ ಬೆಳೆದವರು ಚನ್ನಬಸಪ್ಪನವರೆಂದು ನಾವು ಭಾವಿಸುತ್ತೇವೆ. ಇಬ್ಬರೂ ಬೇರೆ ಬೇರೆ ಭಾಷೆಯವರು, ಒಂದೇ ನ್ಯಾಯವನ್ನು ನಂಬಿದವರು. ಮರಾಠಿಯನ್ನು ಪ್ರೀತಿಸುವವನು ಕನ್ನಡವನ್ನು ದ್ವೇಷಿಸಬೇಕಿಲ್ಲ, ಕನ್ನಡವನ್ನು ಪ್ರೀತಿಸುವವನು ಮರಾಠಿಯನ್ನು ದೂರಬೇಕಿಲ್ಲ.

ನಾನಾ ಅವರ ಅಮೃತಶಿಲೆಯ ಪ್ರತಿಮೆಯು ಮುಂಬಯಿಯ ಟೌನ್ ಹಾಲಿನಲ್ಲಿರುವ ಏಶಿಯಾಟಿಕ್ ಸೊಸೈಟಿಯಲ್ಲಿದೆ. ಗ್ರಾಂಟ್ ರೋಡಿನ ಬಳಿಯ ನಾನಾ ಚೌಕವು ಅವರ ಹೆಸರಿನದೇ. ಮೆಟ್ರಿಕ್ ಪರೀಕ್ಷೆಯಲ್ಲಿ ಸಂಸ್ಕೃತದಲ್ಲಿ ಮೊದಲಿಗರಾದವರಿಗೆ ಅವರ ಹೆಸರಿನ ವಿದ್ಯಾರ್ಥಿವೇತನವನ್ನು ಕೊಡುವ ರೂಢಿಯೂ ಬಂದಿತು. 1912ರಲ್ಲಿ ಅದನ್ನು ಪಡೆದ ಚಿಂತಾಮಣಿ ದೇಶಮುಖರು ಮುಂದೆ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರಾದರು. 2024ರಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿ ಸೆಂಟ್ರಲ್ ನಿಲ್ದಾಣಕ್ಕೆ ನಾನಾ ಅವರ ಹೆಸರನ್ನು ಇಡಬೇಕೆಂದು ತೀರ್ಮಾನಿಸಿತು. ಆದರೆ ಮಹಾಪುರುಷರ ನಿಜವಾದ ಸ್ಮಾರಕವು ಅವರು ಹಿಡಿದ ಕೆಲಸವನ್ನು ಮುಂದುವರಿಸುವುದರಲ್ಲಿದೆ.

ಈಗ ನಮ್ಮ ಮಾತಿಗೆ ಬರೋಣ. ಮಹಾರಾಷ್ಟ್ರದ ಮೊದಮೊದಲ ಔದ್ಯೋಗಿಕ ವಸಾಹತುಗಳಲ್ಲಿ ಒಂದಾದ ಈ ವಾಗ್ಳೆ ಎಸ್ಟೇಟಿಗೆ ವಿಜಯಪುರ, ಕಲಬುರಗಿಗಳಿಂದಲೂ ಉಡುಪಿ, ದಕ್ಷಿಣ ಕನ್ನಡಗಳಿಂದಲೂ ನಮ್ಮವರು ಬಂದರು. ಕೆಲವರು ಕಾರಖಾನೆ ಸೇರಿದರು, ಕೆಲವರು ಹೋಟೆಲುಗಳಲ್ಲಿ ದುಡಿದರು, ಕೆಲವರು ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತರು. ಇಂದು ಹಲವು ಕಾರಖಾನೆಗಳು ಮುಚ್ಚಿ ಅಲ್ಲಿ ಗಾಜಿನ ಎತ್ತರದ ಕಚೇರಿಗಳು ಎದ್ದಿವೆ. ಪ್ರತಿ ಜೂನಿನಲ್ಲಿಯೂ ಕೆಲವು ತಂದೆತಾಯಿಗಳು ನಮ್ಮ ಬಳಿಗೆ ಬಂದು, ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ, ದಾಖಲೆ ಕೊಡಿರೆಂದು ಸಂಕೋಚದಿಂದ ಕೇಳುತ್ತಾರೆ. ನಾವು ಅವರನ್ನು ದೂರುವುದಿಲ್ಲ. ಆ ಗಾಜಿನ ಕಚೇರಿಯ ಬಾಗಿಲು ತಮ್ಮ ಮಗುವಿಗೆ ತೆರೆಯಲೆಂಬ ಆಸೆಯು ತಪ್ಪಲ್ಲ. ಮೆಟ್ರಿಕ್ಕಿನವರೆಗೆ ಕನ್ನಡದಲ್ಲಿಯೇ ಓದಿ ಈ ಪರಸ್ಥಳಕ್ಕೆ ಬಂದ ನಾವು, ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನು ಮೂರು ಸಲ ಓದಿ ನೋಡಿದ ದಿನಗಳನ್ನು ಮರೆತಿಲ್ಲ. ಆದರೆ ಲೆಕ್ಕವೂ ವಿಜ್ಞಾನವೂ ನಮಗೆ ತಿಳಿದುದು ಅವ್ವನ ಮಾತಿನಲ್ಲಿ. ಆ ತಿಳಿವಿನ ಬಲದಿಂದಲೇ ಮರಾಠಿಯನ್ನೂ ಇಂಗ್ಲಿಷನ್ನೂ ನಾವು ಕಲಿತುಕೊಂಡೆವೆಂಬುದೂ ಅಷ್ಟೇ ನಿಜ.

ಆದುದರಿಂದ ಕನ್ನಡ ಶಾಲೆಯು ಉಳಿಯಬೇಕೆಂದು ಬರಿಯ ಅಭಿಮಾನದ ಮಾತಾಡಿದರೆ ಸಾಲದು. ಅದು ಉತ್ತಮ ಶಾಲೆಯಾಗಿ ಉಳಿಯಬೇಕು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯ ಬಾಗಿಲನ್ನು ತೆರೆಯಿತು. ಸರಕಾರದ ಮತ್ತು ಅನುದಾನಿತ ಶಾಲೆಗಳಿಗೆಂದು ಅದು ಹೇಳಿದ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು, ಪೋಷಕರೇ ಇರಬೇಕು. 1840ರಲ್ಲಿ ಇಡೀ ಇಲಾಖೆಗೆ ಮೂವರು ಭಾರತೀಯರಿಗೆ ಮಾತ್ರ ದೊರೆತಿದ್ದ ಕುರ್ಚಿಯು ಇಂದು ಹೋಟೆಲಿನಲ್ಲಿ ದುಡಿಯುವ ತಂದೆಗೂ ಮನೆಗೆಲಸಕ್ಕೆ ಹೋಗುವ ತಾಯಿಗೂ ದೊರೆಯಬಲ್ಲದು. ಆ ಕುರ್ಚಿಯಲ್ಲಿ ಕುಳಿತವರು ಗ್ರಂಥಾಲಯದ ಬೀಗವು ತೆರೆದಿದೆಯೇ, ಪ್ರಯೋಗದ ಸಾಮಾನುಗಳಿವೆಯೇ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುತ್ತಿದ್ದೇವೆಯೇ ಎಂದು ನಮ್ಮನ್ನು ಕೇಳಬೇಕು. ಕೇಳಿಸಿಕೊಂಡು ತಿದ್ದಿಕೊಳ್ಳುವುದು ಶಿಕ್ಷಕರಾದ ನಮ್ಮ ಕರ್ತವ್ಯ.

ಪ್ರಿಯ ವಿದ್ಯಾರ್ಥಿಗಳೇ, ಮುಂದೆ ನೀವು ದೊಡ್ಡವರಾದಾಗ ನಿಮ್ಮಲ್ಲಿ ಯಾರಾದರೂ ಒಂದು ಶಾಲೆಯ ಸಮಿತಿಯಲ್ಲಿ ಕುಳಿತುಕೊಳ್ಳುವಿರಿ. ಅಂದು ನಿಮ್ಮ ಮಕ್ಕಳಿಗೆ ಬೇಕಾದುದು ನಿಮಗೆ ದೊರೆತಿರಬಹುದು. ಆಗಲೂ ಆ ಸಭೆಗೆ ಬರಲಾರದವನ ಮಗುವನ್ನು ನೆನೆದು ಒಂದು ಮಾತನಾಡಿರಿ. ಇನ್ನೊಮ್ಮೆ ಠಾಣೆಯ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವಾಗ, ಮುರಬಾಡದ ಮನೆತನದ ಆ ಹಿರಿಯರನ್ನು ಸ್ಮರಿಸಿರಿ. ಅವರಿಗೆ ನಮ್ಮೆಲ್ಲರ ನಮನಗಳು.